ಎರಡು ಕೊಡ ನೀರು

ನನ್ನ ಅಕ್ಕನ ಮಗಳು ಒಂದು ಕಾದಂಬರಿ ಬರೆಯುತ್ತಿದ್ದಾಳೆ. ಅದರ ಬಗ್ಗೆ ಬರೆಯಲಾ ಎಂದು ಕೇಳಿದಾಗ ಮೂರು ಷರತ್ತು ಹಾಕಿದಳು. ತನ್ನ ಹೆಸರು ಬರಬಾರದು. ಕಾದಂಬರಿಯ ಒಂದು ಸಾಲೂ ಬರಬಾರದು. ಕೊನೆಗೆ ಏನಾಗುತ್ತದೆ ಎಂದು ಹೇಳಬಾರದು. ಮೂರನೆಯದನ್ನು ಪಾಲಿಸುವುದು ಸುಲಭ, ಯಾಕೆಂದರೆ ಕೊನೆಗೆ ಏನಾಗುತ್ತದೆ ಎಂದು ಅವಳು ನನಗೂ ಹೇಳಿಲ್ಲ. ಮೊದಲೆರಡು ಷರತ್ತುಗಳನ್ನು ಅವಳು ಯಾಕೆ ಹಾಕಿದಳು ಎನ್ನುವುದನ್ನು ಹೇಳಬೇಕಾದರೆ ನಾನು ಮಾಡಿದ ತಪ್ಪನ್ನೂ ಹೇಳಬೇಕಾಗುತ್ತದೆ.

ನಮ್ಮೂರು ಗಂಗಾವತಿ ತಾಲೂಕಿನ ಶ್ರೀರಾಮನಗರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಟ್ಟಿದ ಸೀಮೆ ಇದು. 1953ರಲ್ಲಿ ಅಣೆಕಟ್ಟು ಮುಗಿದು ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದ ರೈತರು ಈ ಕಡೆ ಬಂದು, ಜಮೀನು ಕೊಂಡು, ಜಾಲಿ ಕಡಿದು ಭತ್ತ ನಾಟಿ ಮಾಡಿದರು. ಅವರು ನೆಲೆಸಿದ ಎಷ್ಟೋ ಊರುಗಳಿಗೆ ಇವತ್ತಿಗೂ ‘ಕ್ಯಾಂಪ್’ ಎಂದೇ ಹೆಸರು. ಅಪ್ಪ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ನಮ್ಮ ಮನೆಯ ಮಾತು ಕನ್ನಡ, ಓಣಿಯ ಮಾತು ತೆಲುಗು. ಗೋಲಿ ಆಡುವಾಗ ತೆಲುಗಿನಲ್ಲಿ ಜಗಳವಾಡಿ, ಸೋತು ಮನೆಗೆ ಬಂದು ಕನ್ನಡದಲ್ಲಿ ಅಳುತ್ತಿದ್ದೆವು. ಮಿಲ್ಲಿನ ಸದ್ದಿಗೆ ಎಷ್ಟು ಒಗ್ಗಿಹೋಗಿದ್ದೆವೆಂದರೆ ಕರೆಂಟು ಹೋಗಿ ಅದು ನಿಂತಾಗಲೇ ನಮಗೆ ನಡುರಾತ್ರಿ ಎಚ್ಚರವಾಗುತ್ತಿತ್ತು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಡ್ಯಾಮ್ ತುಂಬಿತ್ತು. ಒತ್ತಡ ಇಳಿಸಬೇಕೆಂದು ಉಳಿದ ಗೇಟುಗಳನ್ನೂ ಎತ್ತಿದರು. ಬೆಳೆಗೆಂದು ನಿಂತಿದ್ದ ನೀರು ನದಿಗೆ ಹೋಗುವುದನ್ನು ಇಡೀ ಸೀಮೆ ಟಿವಿಯಲ್ಲಿ ನೋಡುತ್ತಾ ಕೂತಿತು. ಬೆಳಿಗ್ಗೆ ಅಕ್ಕ ಫೋನ್ ಮಾಡಿದಾಗ ನಾನು ಹಾಸ್ಟೆಲಿನಲ್ಲಿದ್ದೆ. “ಗೇಟ್ ಕಿತ್ಕೊಂಡು ಹೋಗೈತಂತೋ, ಇನ್ನ ನಮ್ಮ ಗದ್ದಿ ಗತಿ ಏನು?” ಎಂದಳು. ಅವರದು ಲಾವಣಿಗೆ ಹಾಕಿಕೊಂಡ ಮೂರು ಎಕರೆ. ಬೀಜ, ಗೊಬ್ಬರ, ನಾಟಿಯ ಕೂಲಿ ಎಲ್ಲ ಸಾಲದ್ದು. ಹಿಂದಿನಿಂದ ಮಗಳ ದನಿ ಕೇಳುತ್ತಿತ್ತು. ಅವಳಾಗ ಒಂಬತ್ತನೇ ತರಗತಿ.

ಆ ವಾರವಿಡೀ ಅವಳು ಟಿವಿ ಬಿಟ್ಟು ಏಳಲಿಲ್ಲವಂತೆ. ಹರಿಯುವ ನೀರಿಗೆ ಅಡ್ಡವಾಗಿ ಸ್ಟಾಪ್‌ಲಾಗ್ ಇಳಿಸುವುದನ್ನು ನಿವೃತ್ತ ಗೇಟ್ ತಜ್ಞ ಕನ್ನಯ್ಯ ನಾಯ್ಡು ಮುಂದೆ ನಿಂತು ಮಾಡಿಸಿದರಲ್ಲ, ಅದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. “ಅಷ್ಟು ಇಂಜಿನಿಯರ್ ಅದಾರ ಮಾಮಾ, ಆದ್ರೂ ಆ ಮುತ್ಯಾನ್ನ ಕರಸ್ಯಾರ ನೋಡು” ಎಂದು ಫೋನಿನಲ್ಲಿ ಹೇಳಿದ್ದಳು. ಒಂದು ವಾರದ ಹೊತ್ತಿಗೆ ನೀರು ನಿಂತಿತು. ಆ ಸಲದ ಬೆಳೆ ಉಳಿಯಿತು. ಅಕ್ಕ ಉಸಿರು ಬಿಟ್ಟಳು. ಮಗಳು ಬರೆಯಲು ಶುರುಮಾಡಿದಳು.

ದಸರಾ ರಜೆಗೆ ಊರಿಗೆ ಹೋದಾಗ ಒಂದು ಲಾಂಗ್‌ಬುಕ್ ತಂದು ಕೈಗಿಟ್ಟಳು. ಮುಂದಿನ ಅರ್ಧ ಗಣಿತ, ಹಿಂದಿನಿಂದ ತಿರುವಿದರೆ ಕಾದಂಬರಿ. “ನೀ ಒಬ್ಬಾಂವ ಓದು” ಎಂದಳು. ಅಷ್ಟೇ ಹೇಳಿದ್ದು.

ಅದು ಕ್ಯಾಂಪಿನ ನಾಲ್ಕು ಮಕ್ಕಳ ಕಥೆ. ಎಲ್ಲರೂ ಹದಿನಾಲ್ಕು ಹದಿನೈದರವರು, ನಾಲ್ವರಿಗೂ ಒಂದೊಂದು ಶಕ್ತಿ. ಒಬ್ಬರಿಗೆ ನೀರು ಬರುವ ಮೊದಲೇ ಕಾಲುವೆಯಲ್ಲಿ ಅದರ ಸದ್ದು ಕೇಳುತ್ತದೆ. ಒಬ್ಬರು ಮುಟ್ಟಿದರೆ ನಿಂತ ಯಂತ್ರ ತಿರುಗುತ್ತದೆ. ಒಬ್ಬರು ಭತ್ತದ ರಾಶಿಯ ಮುಂದೆ ನಿಂತರೆ ಸಾಕು, ಅದು ಯಾರ ಗದ್ದೆಯದು, ಯಾರ ಸಾಲಕ್ಕೆ ಹೋಗುತ್ತದೆ ಎಂದು ತಿಳಿಯುತ್ತದೆ. ಇನ್ನೊಬ್ಬರು ಭಾಷೆ ಬದಲಿಸಿದ ಕೂಡಲೇ ಕಣ್ಣಿಗೆ ಕಾಣದಂತಾಗುತ್ತಾರೆ. ಯಾರಿಗೆ ಯಾವ ಶಕ್ತಿ ಎಂದು ಹೇಳಲು ಅವಳ ಅನುಮತಿಯಿಲ್ಲ. ಭಾಷೆ ಬದಲಿಸಿದರೆ ಮಾಯವಾಗುವುದು ಎಂಬುದನ್ನು ಓದಿದಾಗ ನನಗೆ ಮೈ ಜುಂ ಎಂದಿತು. ಗೋಲಿ ಆಡುತ್ತಿದ್ದ ದಿನಗಳಲ್ಲಿ ನಾನು ದಿನಾ ಮಾಡುತ್ತಿದ್ದುದು ಅದೇ. ಆದರೆ ಹಾಗೆಂದು ಅವಳಿಗೆ ಹೇಳಲಿಲ್ಲ.

ನಾನು ಕನ್ನಡದ ಕಿಶೋರ ಸಾಹಿತ್ಯದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಮಕ್ಕಳ ಕಥೆಗೂ ದೊಡ್ಡವರ ಕಾದಂಬರಿಗೂ ನಡುವೆ, ಮೀಸೆ ಮೂಡುವ, ಮುಟ್ಟಾಗುವ, ಅಪ್ಪನ ಸಾಲ ಅರ್ಥವಾಗುವ ವಯಸ್ಸಿನವರು ಓದಲು ಕನ್ನಡದಲ್ಲಿ ಏನಿದೆ ಎನ್ನುವುದು ನನ್ನ ಪ್ರಶ್ನೆ. ಇಲ್ಲವೆಂದಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ ಎಲ್ಲವೂ ಕಾದಂಬರಿಗಳೇ. ಆದರೆ ಅತಿಮಾನುಷ ಶಕ್ತಿಯ ಹದಿಹರೆಯದವರ ಕಥೆ ಎಂದರೆ ನಮ್ಮ ಹುಡುಗರು ಹ್ಯಾರಿ ಪಾಟರ್, ಪರ್ಸಿ ಜಾಕ್ಸನ್ ಎನ್ನುತ್ತಾರೆ. ನನ್ನ ಕಾಲಕ್ಕೆ ಬಾಲಮಂಗಳದ ಡಿಂಗ, ಟಿವಿಯ ಶಕ್ತಿಮಾನ್ ಇದ್ದರು.

ಪುಸ್ತಕದಂಗಡಿ ಬಿಟ್ಟು ಹಾಡಿನ ಕಡೆ ಹೋದರೆ ಚಿತ್ರ ಬೇರೆ. ಕಾಡುಗೊಲ್ಲರು ಹಾಡುವ ಜುಂಜಪ್ಪ ಹುಟ್ಟಿನಿಂದಲೇ ಪವಾಡದವನು. ಮಂಟೇಸ್ವಾಮಿ ಕಾವ್ಯದಲ್ಲಿ ನಿಡುಘಟ್ಟದ ಕೆಂಪಾಚಾರಿ ಎಂಬ ಹುಡುಗ ಗುರುವಿನ ಹಿಂದೆ ಹೋಗಿ ಸಿದ್ಧಪ್ಪಾಜಿಯಾಗುತ್ತಾನೆ. ಗುರು ಅವನನ್ನು ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಒಬ್ಬನನ್ನೇ ಕಳಿಸುತ್ತಾನೆ. ಅಲ್ಲಿನ ಪಾಂಚಾಳರು ಒಡ್ಡುವ ಪರೀಕ್ಷೆಗಳನ್ನೆಲ್ಲ ಗೆದ್ದು ಬರಬೇಕು. ಮನೆ ಬಿಡುವುದು, ಗುರು, ಕಠಿಣ ಪರೀಕ್ಷೆ, ಹೊಸ ಹೆಸರು ಎಲ್ಲ ಇದೆ. ನಮ್ಮದೇ ತಾಲೂಕಿನ ಕುಮ್ಮಟದುರ್ಗದ ಕುಮಾರರಾಮ ಇತಿಹಾಸದವನು, ದೆಹಲಿಯ ಸೇನೆಯೆದುರು ಹೋರಾಡಿದವನು. ಜನ ಅವನನ್ನು ದೇವರನ್ನಾಗಿ ಮಾಡಿ ಪೂಜಿಸುತ್ತಾರೆ. ಇವನ್ನೆಲ್ಲ ನಾನು ಅಧ್ಯಾಯಗಳಾಗಿ ಹಂಚಿ, ಪಟ್ಟಿ ಮಾಡಿ, ತಖ್ತೆ ಎಳೆದಿದ್ದೆ. ಇಷ್ಟೆಲ್ಲ ತಿಳಿದವನು ಹದಿನಾಲ್ಕರ ಹುಡುಗಿಯೊಬ್ಬಳ ನೋಟ್‌ಬುಕ್ಕನ್ನು ಹೇಗೆ ಓದಬೇಕೋ ಹಾಗೆ ಓದಿರಬೇಕು ಎಂದು ನೀವು ಅಂದುಕೊಳ್ಳುತ್ತೀರಿ.

ನಾನು ಕೆಂಪು ಪೆನ್ನು ಹಿಡಿದು ಓದಿದೆ.

ಲ ಇರಬೇಕಾದಲ್ಲಿ ಳ ಇದ್ದರೆ ತಿದ್ದಿದೆ. ತೆಲುಗು ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದಲ್ಲೆಲ್ಲ ಸುತ್ತು ಹಾಕಿ ‘ಕನ್ನಡದ ಓದುಗರಿಗೆ ತಿಳಿಯದು’ ಎಂದು ಬರೆದೆ. ಮಿಲ್ಲಿನ ಹಮಾಲರ ಬೈಗುಳಕ್ಕೆ ಗೆರೆ ಎಳೆದೆ. ಕೊನೆಯಲ್ಲಿ, ಪಿಎಚ್‌ಡಿ ಅಧ್ಯಾಯಕ್ಕೆ ಟಿಪ್ಪಣಿ ಬರೆಯುವ ಹಾಗೆ, ‘ಶಕ್ತಿಯ ಮೂಲ ಸ್ಪಷ್ಟವಿಲ್ಲ. ನಿಯಮಗಳು ಬೇಕು’ ಎಂದು ಬರೆದು, ಓದಬೇಕಾದ ಐದು ಪುಸ್ತಕಗಳ ಹೆಸರು ಕೊಟ್ಟೆ. ಸಿಟ್ಟಿನಿಂದ ಮಾಡಿದ್ದಲ್ಲ. ಪ್ರೀತಿಯಿಂದಲೇ, ಒಂದು ಇಡೀ ಮಧ್ಯಾಹ್ನ ಕೂತು ಮಾಡಿದ್ದು. ನೋಟ್‌ಬುಕ್ ವಾಪಸು ಕೊಟ್ಟಾಗ ಹಾಳೆ ತಿರುವಿ ನೋಡಿ “ಹೂಂ ಮಾಮಾ” ಎಂದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಮೇಷ್ಟ್ರ ಬುದ್ಧಿ ಎಂದು ಬಿಡಬಹುದಿತ್ತು. ವಾಪಸು ಕೊಡುವ ಮೊದಲು ನಾನು ಕೆಲವು ಪುಟಗಳ ಫೋಟೊ ತೆಗೆದುಕೊಂಡಿದ್ದೆ. ಜನವರಿಯಲ್ಲಿ ಒಂದು ವಿಚಾರ ಸಂಕಿರಣಕ್ಕೆ ಪ್ರಬಂಧ ಬರೆಯಬೇಕಿತ್ತು. ಕ್ಯಾಂಪಿನ ಮಕ್ಕಳ ಕಲ್ಪನೆಯಲ್ಲಿ ನೀರು ಮತ್ತು ಭಾಷೆ ಎಂಬ ವಿಷಯ ಹಿಡಿದೆ. ಭಾಷೆ ಬದಲಿಸಿದರೆ ಮಾಯವಾಗುವ ಆ ಭಾಗವನ್ನು ವೇದಿಕೆಯ ಮೇಲೆ ಓದಿದೆ. ಸಭೆ ಚಪ್ಪಾಳೆ ಹೊಡೆಯಿತು. ತೆಲುಗು ಕನ್ನಡ ಬೆರೆತ ಒಂದು ಮಾತಿಗೆ ಜನ ಜೋರಾಗಿ ನಕ್ಕರು, ನಾನೂ ನಕ್ಕೆ. ಯಾರೋ ವಿಡಿಯೊ ಮಾಡಿದ್ದರು. ಹೆಮ್ಮೆಯಿಂದ ಅದನ್ನು ಅಕ್ಕನಿಗೆ ಕಳಿಸಿದವನು ನಾನೇ.

ರಾತ್ರಿ ಅಕ್ಕನ ಫೋನಿನಿಂದ ಒಂದು ಮೆಸೇಜು ಬಂತು. “ಮಾಮಾ, ನೀ ಒಬ್ಬಾಂವ ಓದು ಅಂದಿದ್ದೆ.”

ಅವಳು ಜಗಳವಾಡಲಿಲ್ಲ. ಯುಗಾದಿಗೆ ಹೋದಾಗ ಬೇವು ಬೆಲ್ಲ ಕೊಟ್ಟಳು, ಕಾಲಿಗೆ ಬಿದ್ದಳು, ಚಹಾ ಮಾಡಿಕೊಟ್ಟಳು. ಕಾದಂಬರಿ ಎಲ್ಲಿಗೆ ಬಂತು ಎಂದು ಕೇಳಿದರೆ “ಎಸೆಸೆಲ್ಸಿ ಬಂತಲ್ಲ ಮಾಮಾ” ಎಂದಳು. ಬೇಸಿಗೆಯಲ್ಲೂ ಅದೇ ಉತ್ತರ. “ಬರೆಯೋದು ಬಿಟ್ಟಂಗ ಕಾಣತೈತಿ” ಎಂದು ಅಕ್ಕ ಹೇಳಿದಳು. ಅವಳ ದನಿಯಲ್ಲಿ ಸ್ವಲ್ಪ ನೆಮ್ಮದಿ ಇದ್ದ ಹಾಗಿತ್ತು, ಹತ್ತನೇ ತರಗತಿಯಲ್ವೇ.

ಆ ಮಳೆಗಾಲದಲ್ಲಿ ನಾನು ಬರೆಯುತ್ತಿದ್ದ ಅಧ್ಯಾಯ ಜನಪದ ಕಥೆಗಳದ್ದು. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ತಂದ, ಹೂಬಿಡುವ ಮರವಾಗುವ ಹುಡುಗಿಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಜನಪದ ಕಥೆಗಳ ಸಂಕಲನಕ್ಕೆ ಆ ಕಥೆಯದೇ ಹೆಸರು. ಗಿರೀಶ ಕಾರ್ನಾಡರ 1992ರ ‘ಚೆಲುವಿ’ ಸಿನಿಮಾ ಇದೇ ಕಥೆಯಿಂದ ಹುಟ್ಟಿದ್ದು. ಅಮೆರಿಕದ ಸಂಗೀತ ರಚನಕಾರ ಜಾನ್ ಆಡಮ್ಸ್ ಇದನ್ನು ಒಪೆರಾ ಮಾಡಿದ್ದು 2006ರಲ್ಲಿ ವಿಯೆನ್ನಾದಲ್ಲಿ ಮೊದಲು ಪ್ರದರ್ಶನವಾಯಿತು. ಎಲ್ಲಿಂದ ಎಲ್ಲಿಗೋ ಹೋದ ಕಥೆ. ಆದರೆ ಅದರ ನಡುವೆ ಇರುವುದು ಒಬ್ಬ ಬಡ ಹುಡುಗಿ ಮತ್ತು ಎರಡು ಕೊಡ ನೀರು.

ಕಥೆ ಹೀಗಿದೆ. ಕೂಲಿ ಮಾಡಿ ಸಾಕುವ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳಿಗೆ ಹೂವಿನ ಮರವಾಗುವ ಶಕ್ತಿಯಿದೆ. ಹೂ ಮಾರಿ ತಾಯಿಗೆ ನೆರವಾಗೋಣ ಎಂದು ಅವಳೇ ಅಕ್ಕನಿಗೆ ಉಪಾಯ ಹೇಳುತ್ತಾಳೆ. ಎರಡು ಕೊಡ ನೀರು ತುಂಬಿಡಬೇಕು. ಉಗುರು ತಾಕಿಸಬಾರದು. ಒಂದು ಕೊಡ ಸುರಿದರೆ ಮರವಾಗುತ್ತಾಳೆ. ಆಗ ಹೂ ಮಾತ್ರ ಬಿಡಿಸಿಕೊಳ್ಳಬೇಕು, ಎಲೆಗೆ ಕುಡಿಗೆ ನೋವಾಗಬಾರದು. ಆಮೇಲೆ ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಅಕ್ಕ ಹಾಗೆಯೇ ಮಾಡುತ್ತಾಳೆ. ಹೂ ಅರಮನೆಗೆ ಹೋಗುತ್ತದೆ, ರಾಜಕುಮಾರ ಗುಟ್ಟು ಕಂಡುಹಿಡಿದು ಅವಳನ್ನು ಮದುವೆಯಾಗುತ್ತಾನೆ, ತನಗಾಗಿ ಮರವಾಗು ಎನ್ನುತ್ತಾನೆ. ಅವನ ತಂಗಿ ಅದನ್ನು ಕದ್ದು ನೋಡಿ, ಅತ್ತಿಗೆಯನ್ನು ತೋಟಕ್ಕೆ ಕರೆದೊಯ್ದು, ಗೆಳತಿಯರಿಗೂ ತೋರಿಸು ಎಂದು ಹಟ ಹಿಡಿಯುತ್ತಾಳೆ. ಹುಡುಗಿ ನಿಯಮ ಹೇಳುತ್ತಾಳೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೂವಿಗಾಗಿ ಕೊಂಬೆಗಳನ್ನೇ ಮುರಿಯುತ್ತಾರೆ. ಮಳೆ ಬರುತ್ತದೆ, ಅವಸರದಲ್ಲಿ ಎರಡನೇ ಕೊಡವನ್ನು ಹೇಗೆ ಹೇಗೋ ಸುರಿದು ಓಡಿಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದ ಮೊಂಡು ದೇಹವಾಗಿ, ಅತ್ತ ಮರವೂ ಅಲ್ಲದೆ ಇತ್ತ ಮನುಷ್ಯಳೂ ಅಲ್ಲದೆ ಉಳಿಯುತ್ತಾಳೆ.

ಈ ಕಥೆಯನ್ನು ನಾನು ಎಷ್ಟೋ ಸಲ ಓದಿದ್ದೆ. ಆ ಸಲ ಟಿಪ್ಪಣಿ ಮಾಡಿಕೊಳ್ಳುತ್ತಾ ತಂಗಿ ಗೆಳತಿಯರನ್ನು ಕರೆಯುವಲ್ಲಿಗೆ ಬಂದಾಗ ಪೆನ್ನು ನಿಂತಿತು. ನಾದಿನಿಯನ್ನು ನಾನು ಅಲ್ಲಿಯವರೆಗೆ ಹೊಟ್ಟೆಕಿಚ್ಚಿನ ಖಳನಾಯಕಿ ಎಂದು ವರ್ಗೀಕರಿಸಿದ್ದೆ. ಆದರೆ ಅವಳಿಗೆ ಆ ಕ್ಷಣದಲ್ಲಿ ಏನನಿಸಿರಬಹುದು? ನಮ್ಮ ಅತ್ತಿಗೆ ನೋಡಿ, ಎಂಥವಳು, ಎಂಬ ಹೆಮ್ಮೆಯೂ ಇದ್ದಿರಬೇಕು. ವೇದಿಕೆಯ ಮೇಲೆ ಮೈಕಿನ ಮುಂದೆ ನನಗಿದ್ದದ್ದೂ ಅದೇ ಹೆಮ್ಮೆ. ಕೊಂಬೆ ಮುರಿದ ಸದ್ದು ಚಪ್ಪಾಳೆಯಲ್ಲಿ ನನಗೆ ಕೇಳಿಸಿರಲಿಲ್ಲ.

ಇನ್ನೊಂದೂ ಕಂಡಿತು. ಅವಳ ನೋಟ್‌ಬುಕ್ಕಿನಲ್ಲಿ ನಾನು ‘ನಿಯಮಗಳು ಬೇಕು’ ಎಂದು ಬರೆದಿದ್ದೆ. ಶಕ್ತಿಯ ಕಥೆಗೆ ನಿಯಮ ಬೇಕು, ನಿಜ. ಆದರೆ ಈ ಕಥೆಯಲ್ಲಿ ಹುಡುಗಿಗೆ ಮರವಾಗುವ ಶಕ್ತಿ ಎಲ್ಲಿಂದ ಬಂತು ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ನಿಯಮಗಳು ಇರುವುದೆಲ್ಲ ಹತ್ತಿರ ನಿಂತು ನೀರು ಸುರಿಯುವವರಿಗೆ. ಅವಳು ನನಗೂ ಒಂದು ನಿಯಮ ಕೊಟ್ಟಿದ್ದಳಲ್ಲ, ನೀ ಒಬ್ಬಾಂವ ಓದು ಎಂದು.

ತಪ್ಪು ತಿಳಿಯಿತು ಎಂದ ಮಾತ್ರಕ್ಕೆ ಸರಿಮಾಡುವುದು ತಿಳಿಯಿತು ಎಂದಲ್ಲ. ನನಗೆ ಹೊಳೆದ ದಾರಿ ಅಂಜನಾದ್ರಿಯದು.

ಆನೆಗೊಂದಿ ಹತ್ತಿರದ ಅಂಜನಾದ್ರಿ ನಮ್ಮ ಕಡೆಯವರಿಗೆ ಆಂಜನೇಯ ಹುಟ್ಟಿದ ಬೆಟ್ಟ. ಸುತ್ತಲಿನ ಸೀಮೆಯೇ ಕಿಷ್ಕಿಂಧೆ. ಅತಿಮಾನುಷ ಶಕ್ತಿಯ ಹುಡುಗರಲ್ಲಿ ಅವನಿಗಿಂತ ಹಿರಿಯ ಯಾರಿದ್ದಾರೆ? ಹಣ್ಣೆಂದು ಸೂರ್ಯನಿಗೆ ನೆಗೆದವನು, ಇಂದ್ರನ ವಜ್ರಾಯುಧದ ಪೆಟ್ಟಿನಿಂದ ದವಡೆ ಮುರಿದುಕೊಂಡವನು. ಆಮೇಲೆ ದೇವತೆಗಳಿಂದ ವರಗಳ ಮೇಲೆ ವರ. ವಾಲ್ಮೀಕಿ ರಾಮಾಯಣದ ಉತ್ತರಕಾಂಡ ಹೇಳುವಂತೆ, ವರ ಸಿಕ್ಕ ಹುಡುಗ ಋಷಿಗಳ ಆಶ್ರಮಗಳಲ್ಲಿ ದಾಂಧಲೆ ಎಬ್ಬಿಸುತ್ತಾನೆ. ಯಜ್ಞದ ಸೌಟು, ಪಾತ್ರೆಗಳನ್ನು ಮುರಿಯುತ್ತಾನೆ, ನಾರುಬಟ್ಟೆ ಹರಿಯುತ್ತಾನೆ. ಋಷಿಗಳು ಶಾಪ ಕೊಡುತ್ತಾರೆ: ನಿನ್ನ ಬಲ ನಿನಗೇ ಮರೆತುಹೋಗಲಿ, ಯಾರಾದರೂ ನೆನಪಿಸಿದಾಗ ಮಾತ್ರ ಬೆಳೆಯಲಿ. ಅವರಿಗೆ ಅತಿಯಾದ ಸಿಟ್ಟೇನೂ ಇರಲಿಲ್ಲ ಎಂದೂ ಅಲ್ಲಿ ಇದೆ. ಆ ವಿವರ ಈಗ ನನಗೆ ಚುಚ್ಚುತ್ತದೆ. ಸಿಟ್ಟಿಲ್ಲದೆಯೇ ಒಬ್ಬ ಹುಡುಗನಿಗೆ ಅವನ ಬಲ ಮರೆಸಬಹುದು. ಸಮಾಧಾನವಾಗಿ ಕೂತು, ಕೆಂಪು ಪೆನ್ನು ಹಿಡಿದು. ಕಡೆಗೆ ಕಡಲ ದಂಡೆಯಲ್ಲಿ ಎಲ್ಲ ಕಪಿಗಳೂ ಕೈಚೆಲ್ಲಿ ಕೂತಾಗ ಮುದಿ ಜಾಂಬವಂತ ಅವನ ಹತ್ತಿರ ಹೋಗಿ ನೀನು ಯಾರು ಎಂದು ನೆನಪು ಮಾಡಿಕೊಡುತ್ತಾನೆ. ಆಮೇಲಿನದು ಎಲ್ಲರಿಗೂ ಗೊತ್ತು.

ನಾನು ಜಾಂಬವಂತನಾಗಲು ಹೊರಟೆ. ಒಂದು ಭಾನುವಾರ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಅಂಜನಾದ್ರಿಗೆ ಹೋದೆ. 575 ಮೆಟ್ಟಿಲು. ಅವಳು ಮುಂದೆ, ನಾನು ಏದುಸಿರು ಬಿಡುತ್ತಾ ಹಿಂದೆ. ಮೇಲೆ ಕೈಮುಗಿದು ಬಂಡೆಯ ಮೇಲೆ ಕೂತಾಗ ಕೆಳಗೆ ತುಂಗಭದ್ರೆ, ಭತ್ತದ ಗದ್ದೆ, ಬಾಳೆ ತೋಟ, ಯಾರೋ ಪೇರಿಸಿಟ್ಟಂಥ ಬಂಡೆಗಳು. ಹನುಮಂತನ ಶಾಪದ ಕಥೆ ಹೇಳಿದೆ. ಆಮೇಲೆ ತಯಾರಿ ಮಾಡಿಕೊಂಡು ಬಂದಿದ್ದ ಭಾಷಣ ಶುರುಮಾಡಿದೆ. ನಿನ್ನಲ್ಲಿ ಎಂಥ ಶಕ್ತಿ ಇದೆ ನಿನಗೇ ಗೊತ್ತಿಲ್ಲ, ನೀನು ಬರೆಯೋದು ಅದ್ಭುತ, ನಿನ್ನ ವಯಸ್ಸಿಗೆ ನನಗೆ ಇದರ ಕಾಲು ಭಾಗವೂ ಬರುತ್ತಿರಲಿಲ್ಲ, ಹೀಗೆ.

ಅವಳು ಮಂಗವೊಂದು ಯಾರದೋ ಕೈಯಿಂದ ತೆಂಗಿನಕಾಯಿ ಹೋಳು ಕಸಿಯುವುದನ್ನು ನೋಡುತ್ತಿದ್ದಳು. ನಾನು ಮುಗಿಸಿದ ಮೇಲೆ ಹೇಳಿದಳು.

“ಮಾಮಾ, ನಾ ಏನೂ ಮರ್ತಿಲ್ಲ.”

“ಅಂದ್ರ?”

“ಬರೆಯೋದು ಬಿಟ್ಟಿಲ್ಲ. ನಿನಗ ತೋರಸೋದು ಬಿಟ್ಟೀನಿ.”

ಎರಡನೇ ನೋಟ್‌ಬುಕ್ ಮುಗಿದು ಮೂರನೆಯದು ನಡೆಯುತ್ತಿತ್ತು. ಅಕ್ಕನಿಗೂ ಗೊತ್ತಿರಲಿಲ್ಲ. ವಿಜ್ಞಾನದ ನೋಟ್ಸಿನ ಕೆಳಗಿಟ್ಟುಕೊಂಡು ಬರೆಯುತ್ತಿದ್ದಳು.

ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಅವಳಿಗೆ ತನ್ನ ಬಲ ಮರೆತೇ ಇರಲಿಲ್ಲ. ಮರೆತಿದ್ದಾಳೆ ಎಂದು ನಾನು ಅಂದುಕೊಂಡದ್ದು, ನೆನಪಿಸುವ ದೊಡ್ಡತನ ನನಗೆ ಬೇಕಿದ್ದುದರಿಂದ. ಹದಿಹರೆಯದವರಿಗೆಂದು ನಾವು ಬರೆಯುವ, ನಾವು ಅಧ್ಯಯನ ಮಾಡುವ ಎಷ್ಟೋ ಕಥೆಗಳಲ್ಲಿ ಹೀಗೆ ಒಬ್ಬ ಹಿರಿಯ ಬಂದು ‘ನೀನೇ ಆಯ್ಕೆಯಾದವನು’ ಎಂದು ಹೇಳುತ್ತಾನೆ. ಆ ಸಾಲನ್ನು ಬರೆಯುವಾಗ ಹಿರಿಯರಾದ ನಮಗೆ ತುಂಬಾ ಖುಷಿಯಾಗುತ್ತದೆ. ಅರ್ಸುಲಾ ಲೆ ಗ್ವಿನ್ ಅವರ 1968ರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಕಾದಂಬರಿಯಲ್ಲಿ ಓಜಿಯನ್ ಎಂಬ ಗುರು ಹದಿಮೂರರ ಹುಡುಗ ಗೆಡ್‌ಗೆ ಅವನ ನಿಜವಾದ ಹೆಸರು ಕೊಡುತ್ತಾನೆ, ಜೊತೆಗೆ ಕರೆದುಕೊಂಡು ಸುಮ್ಮನೆ ಕಾಡಿನಲ್ಲಿ ನಡೆಯುತ್ತಾನೆ. ಹುಡುಗನಿಗೆ ಆ ಮೌನ ಸಾಕಾಗುವುದಿಲ್ಲ. ಮುಂದೆ ಮಾಂತ್ರಿಕರ ಶಾಲೆಯಲ್ಲಿ, ಸಹಪಾಠಿಗಳ ಮುಂದೆ ತನ್ನ ಶಕ್ತಿ ತೋರಿಸಲು ಹೋಗಿಯೇ ಅನಾಹುತ ತಂದುಕೊಳ್ಳುತ್ತಾನೆ. ಮೊದಲ ಸಲ ಓದಿದಾಗ ಓಜಿಯನ್ ನನಗೆ ಬೇಸರದ ಮುದುಕನಾಗಿ ಕಂಡಿದ್ದ. ನಾನು ಆಗ ಇಪ್ಪತ್ತರವನು.

“ಈಗ ನಾ ಏನ್ ಮಾಡ್ಲಿ?” ಎಂದು ಅವಳನ್ನೇ ಕೇಳಿದೆ.

ಬಹಳ ಹೊತ್ತು ಯೋಚಿಸಿದಳು. “ಆ ಪೇಪರ್ ಪುಸ್ತಕದಾಗ ಬರತೈತಿ ಅಂದಿದ್ದಿ.”

ಬರುವುದರಲ್ಲಿತ್ತು. ಸಂಕಿರಣದ ಪ್ರಬಂಧಗಳ ಸಂಪುಟ ಕರಡು ತಿದ್ದುವ ಹಂತದಲ್ಲಿತ್ತು. ಥೀಸಿಸ್ ಸಲ್ಲಿಸುವ ಮೊದಲು ಕೈಯಲ್ಲಿ ಪ್ರಕಟಿತ ಲೇಖನಗಳಿರಬೇಕೆಂದು ಸಂಶೋಧಕರೆಲ್ಲ ಎಷ್ಟು ಒದ್ದಾಡುತ್ತೇವೆ ಎಂದು ಇದನ್ನು ಓದುವ ವಿದ್ಯಾರ್ಥಿಗಳಿಗೆ ವಿವರಿಸಬೇಕಿಲ್ಲ. ಅವಳ ಭಾಗ ಕಿತ್ತರೆ ಆ ಲೇಖನದಲ್ಲಿ ಉಳಿಯುವುದು ಅಡಿಟಿಪ್ಪಣಿಗಳಷ್ಟೇ. ಎರಡು ದಿನ ನಿದ್ದೆ ಬರಲಿಲ್ಲ. ಊರು, ಹೆಸರು ಬದಲಿಸಿದರೆ ಸಾಲದೇ, ಸ್ವಲ್ಪ ಸಂಗ್ರಹಿಸಿ ಹೇಳಿದರೆ ಆಗದೇ ಎಂದೆಲ್ಲ ಲೆಕ್ಕ ಹಾಕಿದೆ. ಮೂರನೇ ದಿನ ಸಂಪಾದಕರಿಗೆ ಬರೆದು ಲೇಖನ ಹಿಂದಕ್ಕೆ ತೆಗೆದುಕೊಂಡೆ. ವಿಡಿಯೊ ಹಾಕಿದ್ದ ಗೆಳೆಯನಿಗೆ ಹೇಳಿ ತೆಗೆಸಿದೆ. ಅವನಿಗೆ ಯಾಕೆಂದು ಅರ್ಥವಾಗಲಿಲ್ಲ. “ಚಲೋ ಇತ್ತಲ್ಲಪಾ” ಎಂದ. ಚಲೋ ಇತ್ತು ಎನ್ನುವುದು ನಿಜವೇ ಆಗಿತ್ತು.

ಹೂಬಿಡುವ ಮರದ ಕಥೆಯ ಕೊನೆಯನ್ನು ನಾನು ಇನ್ನೂ ಹೇಳಿಲ್ಲ. ಮೊಂಡಾಗಿ ಮೋರಿಯಲ್ಲಿ ಬಿದ್ದವಳನ್ನು ಹತ್ತಿ ಗಾಡಿಯವನೊಬ್ಬ ಎತ್ತಿ ಇನ್ನೊಂದು ಊರಿಗೆ ತಲುಪಿಸುತ್ತಾನೆ. ಹೆಂಡತಿಯನ್ನು ಕಳೆದುಕೊಂಡ ರಾಜಕುಮಾರ ಭಿಕಾರಿಯಾಗಿ ಅಲೆಯುತ್ತಾ ಅದೇ ಊರಿಗೆ ಬರುತ್ತಾನೆ. ಕಡೆಗೆ ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದಾಗ, ಸರಿಹೋಗುವ ದಾರಿ ಯಾವುದೆಂದು ಅವಳೇ ಹೇಳುತ್ತಾಳೆ. ಮತ್ತೆ ಒಂದು ಕೊಡ ನೀರು ಸುರಿ, ಮರವಾಗುತ್ತೇನೆ. ಮುರಿದ ಕೊಂಬೆಗಳನ್ನು ಎತ್ತಿ, ಹರಿದ ಎಲೆಗಳನ್ನು ಹೊಂದಿಸಿ ಕಟ್ಟು. ಆಮೇಲೆ ಇನ್ನೊಂದು ಕೊಡ ಸುರಿ. ಅಂದರೆ ವಾಸಿಯಾಗಲು ಅವಳು ಮತ್ತೊಂದು ಸಲ ಮರವಾಗಲೇಬೇಕು. ಮುರಿದವರ ಮನೆಯವನ ಕೈಗೇ ಕೊಡ ಕೊಡಬೇಕು. ಕಥೆಯ ನಿಜವಾದ ಧೈರ್ಯ ಇರುವುದು ಅಲ್ಲಿ ಎಂದು ಈಗ ಅನಿಸುತ್ತದೆ. ರಾಜಕುಮಾರನಿಗೆ ಯಾವ ಶಕ್ತಿಯೂ ಇಲ್ಲ. ಹೇಳಿದಷ್ಟನ್ನು ಕೈ ನಡುಗದಂತೆ ಮಾಡುವುದು ಮಾತ್ರ ಅವನ ಕೆಲಸ.

ದೀಪಾವಳಿಗೆ ಊರಿಗೆ ಹೋದಾಗ ಅವಳು ಅವ್ವನ ಮನೆಗೆ, ಅಂದರೆ ನಮ್ಮ ಮನೆಗೆ, ಮೂರನೇ ನೋಟ್‌ಬುಕ್ ಹಿಡಿದು ಬಂದಳು. ನನ್ನ ಕೈಗೆ ಕೊಡಲಿಲ್ಲ. “ನಾ ಓದತೀನಿ, ನೀ ಕೇಳು. ಪೆನ್ನು ಒಳಗಿಟ್ಟು ಬಾ” ಎಂದಳು. ನಾನು ಅಂಗಿಯ ಜೇಬಿನ ಪೆನ್ನು ತೆಗೆದು ಕಪಾಟಿನಲ್ಲಿಟ್ಟು ಬಂದೆ. ಕಟ್ಟೆಯ ಮೇಲೆ ಅವ್ವ ಅಕ್ಕಿ ಹಸನು ಮಾಡುತ್ತಾ ಕೂತಿದ್ದಳು. ಅವ್ವನಿಗೆ ಓದು ಬರುವುದಿಲ್ಲ.

ಹುಡುಗಿ ಓದತೊಡಗಿದಳು. ತೆಲುಗು ಮಾತು ಬಂದಲ್ಲಿ ತೆಲುಗಿನ ದನಿ, ಹಮಾಲರ ಮಾತು ಬಂದಲ್ಲಿ ಹಮಾಲರ ದನಿ. ನಾನು ಸುತ್ತು ಹಾಕಿದ್ದ ಪದಗಳೆಲ್ಲ ಹಾಗೇ ಇದ್ದವು. ಕಿವಿಗೆ ಅವು ಎಲ್ಲೂ ತೊಡಕಲಿಲ್ಲ. ಅವ್ವ ಮೊರದಿಂದ ಕಣ್ಣೆತ್ತದೆ “ಹೂಂ” ಎನ್ನುತ್ತಿದ್ದಳು. ಕಥೆ ಹೇಳುವವರಿಗೆ ಹೂಂಗುಟ್ಟುವವರು ಇರಬೇಕು ಎಂದು ನಾನು ನನ್ನ ಥೀಸಿಸ್ಸಿನಲ್ಲಿ ಎರಡು ಪುಟ ಬರೆದಿದ್ದೇನೆ. ಆ ಎರಡು ಪುಟ ಬರೆದವನಿಗೆ ಒಂದು ವರ್ಷದಿಂದ ಬಾರದೇ ಇದ್ದದ್ದು ಆ ‘ಹೂಂ’ ಒಂದೇ. ನಾನೂ ಮೆಲ್ಲಗೆ ಅವ್ವನ ಜೊತೆ ಸೇರಿಕೊಂಡೆ.

ಗೇಟು ಮುರಿಯುವ ರಾತ್ರಿಯ ಭಾಗ ಬಂತು. ಕಾಲುವೆಯ ನೀರು ಕೇಳಿಸುವ ಪಾತ್ರಕ್ಕೆ ಅಂದು ಎಲ್ಲರಿಗಿಂತ ಮೊದಲು ಸದ್ದು ಕೇಳುತ್ತದೆ. ಹೆಚ್ಚು ಹೇಳುವಂತಿಲ್ಲ. ಅವಳು ಅಧ್ಯಾಯ ಮುಗಿಸಿ ನಿಂತಾಗ ನನ್ನ ಬಾಯಲ್ಲಿ ಹತ್ತು ಮಾತು ಬಂದವು, ನುಂಗಿಕೊಂಡೆ. ಅವ್ವ ಕೈಯಲ್ಲಿದ್ದ ನುಚ್ಚನ್ನು ಪಕ್ಕಕ್ಕೆ ಹಾಕಿ ಕೇಳಿದಳು.

“ಅಲ್ಲಬೇ, ಯಾವಾಗ್ಲೂ ನೀರು ಕೇಳತೈತಿ ಅಂದ್ರ ಆ ಕೂಸಿಗೆ ನಿದ್ದಿ ಹೆಂಗ ಬರತೈತಿ?”

ಹುಡುಗಿ ಅಜ್ಜಿಯನ್ನೇ ನೋಡಿದಳು. ಶಕ್ತಿಯ ಮೂಲ, ನಿಯಮ, ವರ್ಗೀಕರಣ ಎಂದು ನಾನು ಕೇಳಿದ್ದ ಯಾವ ಪ್ರಶ್ನೆಗೂ ಅವಳ ಮುಖ ಹಾಗಾಗಿರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಮೊಣಕಾಲಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಹೊಸ ಹಾಳೆ ತಿರುವಿದಳು. ಆಮೇಲೆ ನನ್ನ ಕಡೆ ಕೈ ಚಾಚಿದಳು.

“ಮಾಮಾ, ನಿನ್ನ ಪೆನ್ನು ಕೊಡು.”

ನಾನು ಒಳಗೆ ಹೋಗಿ ತಂದುಕೊಟ್ಟೆ.